ನೆಲದೊಳಗಿನ ಎಣ್ಣೆ, ತೋಡಿನ ವಿದ್ಯುತ್ತು

ಮೊದಲು ಅದನ್ನು ಗಮನಿಸಿದವನು ನಾನಲ್ಲ, ನಮ್ಮ ತೋಟದ ಲೈನ್‌ಮನೆಯ ಅಜ್ಜಿ. 2018ರ ಬೇಸಿಗೆಯಲ್ಲೇ ಆಕೆ, 'ನೀರಲ್ಲಿ ಮಿಷಿನ್ ವಾಸನೆ ಬರ್ತದೆ ಸಾವುಕಾರ್ರೇ' ಎಂದು ಹೇಳಿದ್ದರು. ನಾನು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ ಸುಮ್ಮನಾದೆ. ಆ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಗಳ ಹೆಸರನ್ನು ನಾಡೆಲ್ಲ ಕೇಳಿತು. ಒಂದು ಬಾವಿಯ ವಾಸನೆಯನ್ನು ಕುರಿತು ಯೋಚಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮಳೆ ನಿಂತು, ಕಾಫಿ ಕೊಯ್ಲು ಮುಗಿದು, 2019ರ ಫೆಬ್ರವರಿಯಲ್ಲಿ ನೀರು ಕೆಳಗಿಳಿದಾಗ ಬಾವಿಯ ಕಲ್ಲುಕಟ್ಟಡದ ಮೇಲೆ ಮೊಳದಗಲದ ಕಪ್ಪು ಪಟ್ಟಿಯೊಂದು ಕಾಣಿಸಿತು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು.

ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. ರೊಬಸ್ಟಾ ಬೆಳೆಯುವವರಿಗೆಲ್ಲ ಗೊತ್ತಿರುವಂತೆ, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಚ್ಚದೆ ಗತಿಯಿಲ್ಲ. ಸ್ಪ್ರಿಂಕ್ಲರ್ ನಡೆಯಬೇಕಾದರೆ ಡೀಸೆಲ್ ಪಂಪು, ಪಂಪಿಗೆ ಡೀಸೆಲ್ ದಾಸ್ತಾನು. ನನ್ನ ತಂದೆ ಎಂಬತ್ತರ ದಶಕದಲ್ಲಿ ಗುಜರಿಯಿಂದ ಕೊಂಡ ಕಬ್ಬಿಣದ ಟ್ಯಾಂಕೊಂದನ್ನು ಪಂಪ್‌ಶೆಡ್ಡಿನ ಪಕ್ಕದಲ್ಲಿ ಹೂತಿಟ್ಟಿದ್ದರು. ನೆಲದೊಳಗಿದ್ದರೆ ಕಳ್ಳತನವಿಲ್ಲ, ಬೆಂಕಿಯ ಭಯವಿಲ್ಲ ಎಂಬುದು ಅವರ ಲೆಕ್ಕಾಚಾರ. ಶೆಡ್ಡು ಇರುವುದು ಏರಿನಲ್ಲಿ, ಬಾವಿ ಇರುವುದು ಇಳಿಜಾರಿನಲ್ಲಿ. ಟ್ಯಾಂಕನ್ನು ಅಗೆದು ತೆಗೆದಾಗ ತಳದಲ್ಲಿ ಕಿರುಬೆರಳು ತೂರುವಷ್ಟು ತೂತು ಇತ್ತು. ಎಷ್ಟು ವರ್ಷಗಳಿಂದ ಸೋರುತ್ತಿತ್ತೋ, ಖರ್ಚಿನ ಪುಸ್ತಕ ನೋಡಿದರೂ ತಿಳಿಯಲಿಲ್ಲ. 'ಪಂಪು ಹೆಚ್ಚು ಕುಡಿಯುತ್ತಿದೆ' ಎಂದು ನಾನೇ ಒಂದೆರಡು ಕಡೆ ಬರೆದಿಟ್ಟಿದ್ದೆ.

ಈ ತಪ್ಪೊಪ್ಪಿಗೆಯಿಂದ ಲೇಖನ ಆರಂಭಿಸಿದ್ದಕ್ಕೆ ಕಾರಣವಿದೆ. ಭೂಗತ ಇಂಧನ ಮಾಲಿನ್ಯವೆಂದರೆ ನಮಗೆ ದೊಡ್ಡ ರಿಫೈನರಿ, ದೊಡ್ಡ ಪೈಪ್‌ಲೈನು, ದೊಡ್ಡ ನಗರ ನೆನಪಾಗುತ್ತವೆ. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಜನರ ಕೊಳವೆಬಾವಿಗಳಿಂದ ನೀರಿನ ಜೊತೆ ತೈಲ ಬರತೊಡಗಿದಾಗ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, ಪತ್ರಿಕೆಗಳು ಬರೆದವು. ಆದರೆ ದೇಶದಲ್ಲಿ ಈಗ ಲಕ್ಷದ ಆಸುಪಾಸಿನಲ್ಲಿರುವ ಪೆಟ್ರೋಲ್ ಬಂಕುಗಳ ನೆಲದಡಿಯ ಟ್ಯಾಂಕುಗಳು, ಗ್ಯಾರೇಜುಗಳ ಗುಂಡಿಗಳು, ತೋಟಗಳ ಡೀಸೆಲ್ ಡ್ರಮ್ಮುಗಳು ಸದ್ದಿಲ್ಲದೆ ಸೋರಬಲ್ಲವು. ಅಮೆರಿಕ 1984ರಲ್ಲಿ ನೆಲದಡಿಯ ಟ್ಯಾಂಕುಗಳ ಮೇಲೆ ಕಾನೂನಿನ ಕಣ್ಣಿಟ್ಟ ಮೇಲೆ ದೃಢಪಟ್ಟ ಸೋರಿಕೆಗಳೇ ಐದು ಲಕ್ಷಕ್ಕೂ ಹೆಚ್ಚು. ಅಲ್ಲಿನ ಕಬ್ಬಿಣ ನಮ್ಮ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ ಎಂದು ನಂಬಲು ಕಾರಣವಿಲ್ಲ. ಅವರು ಹುಡುಕಿದರು, ಅಷ್ಟೇ.

ಸೋರಿದ ಎಣ್ಣೆ ನೆಲದೊಳಗೆ ಏನು ಮಾಡುತ್ತದೆ? ಮಣ್ಣಿನ ಸಂದುಗಳಲ್ಲಿ ಇಳಿಯುತ್ತ ಹೋಗಿ ಅಂತರ್ಜಲದ ಮಟ್ಟ ಮುಟ್ಟಿದಾಗ ಅದರ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ನೀರು ಮೇಲೇರಿದರೆ ತಾನೂ ಏರುತ್ತದೆ, ಬೇಸಿಗೆಯಲ್ಲಿ ನೀರಿಳಿದರೆ ತಾನೂ ಇಳಿಯುತ್ತದೆ. ಹೀಗೆ ಏರಿಳಿಯುವಾಗ ಗೋಡೆಗೆ ಸುಣ್ಣ ಬಳಿದಂತೆ ಮಣ್ಣಿನ ಉದ್ದಕ್ಕೂ ತನ್ನನ್ನು ಬಳಿದುಕೊಂಡು ಬರುತ್ತದೆ. ನಮ್ಮ ಬಾವಿಯ ಕಪ್ಪು ಪಟ್ಟಿ ಅದರದೇ ಗುರುತು. ವರ್ಷಕ್ಕೆ ನೂರಾರು ಅಂಗುಲ ಮಳೆ ಸುರಿಯುವ ಊರುಗಳಿರುವ ಕೊಡಗಿನಲ್ಲಿ ಈ ಏರಿಳಿತ ಬಯಲುಸೀಮೆಗಿಂತ ಬಲು ಜೋರು. ಜೊತೆಗೆ ಇಲ್ಲಿನ ನೆಲವೇ ಇಳಿಜಾರು: ಮೇಲೆ ಬಾಣೆ, ನಡುವೆ ತೋಟ, ತಳದಲ್ಲಿ ಗದ್ದೆ ಮತ್ತು ತೋಡು. ಏರಿನಲ್ಲಿ ಚೆಲ್ಲಿದ್ದು ಇಳಿಜಾರಿನಲ್ಲಿ ವಾಸಿಸುವವರ ಪಾಲಾಗುತ್ತದೆ. ಇಳಿಜಾರಿನಲ್ಲಿ ವಾಸಿಸುವವರು ಸಾಮಾನ್ಯವಾಗಿ ಯಾರೆಂಬುದನ್ನು ತೋಟಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಪೆಟ್ರೋಲಿನ ವಿಷಯ ಡೀಸೆಲ್‌ಗಿಂತ ಗಂಭೀರ. ಇಂದಿನ ಬಿಎಸ್-6 ಪೆಟ್ರೋಲಿನಲ್ಲೂ ಗಾತ್ರದ ಲೆಕ್ಕದಲ್ಲಿ ಶೇ 1ರವರೆಗೆ ಬೆಂಜೀನ್ ಇರಲು ಅವಕಾಶವಿದೆ. ಬೆಂಜೀನ್ ಕ್ಯಾನ್ಸರ್‌ಕಾರಕ, ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಒಂದು ಲೀಟರ್ ಪೆಟ್ರೋಲಿನಲ್ಲಿ 10 ಮಿಲಿಲೀಟರ್, ಅಂದರೆ ಸುಮಾರು 8.8 ಗ್ರಾಂ ಬೆಂಜೀನ್ ಇದೆಯೆಂದುಕೊಂಡರೆ, ಸುಮಾರು ಎಂಟೂಮುಕ್ಕಾಲು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಲು ಅಷ್ಟು ಸಾಕು. ಇನ್ನೊಂದು ಸಂಗತಿಯೂ ಇದೆ. 2025ರಲ್ಲಿ ದೇಶ ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಕಬ್ಬು ಬೆಳೆಗಾರರಿಗೆ ಸಂತೋಷ, ವಿದೇಶಿ ವಿನಿಮಯಕ್ಕೂ ಲಾಭ. ಆದರೆ ಸೋರಿಕೆಯಾದಾಗ ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಎಥನಾಲನ್ನೇ ತಿನ್ನುತ್ತವೆ. ಇದ್ದ ಆಮ್ಲಜನಕವನ್ನೆಲ್ಲ ಅದಕ್ಕೇ ಖರ್ಚು ಮಾಡುತ್ತವೆ. ಉಳಿದ ಬೆಂಜೀನ್ ಹಾಗೆಯೇ ನೀರಿನ ಜೊತೆ ಇನ್ನಷ್ಟು ದೂರ ಸಾಗುತ್ತದೆ. ಎಥನಾಲ್ ಚರ್ಚೆಯಲ್ಲಿ ಮೈಲೇಜು, ಎಂಜಿನ್ನು, ಅಕ್ಕಿ ಎಲ್ಲ ಬಂದವು, ಬಾವಿ ಬರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಕೊಡಗಿನ ತೋಟದಲ್ಲಿ ಸೋರಿದ ಡೀಸೆಲ್ ಕಾವೇರಿಯ ಮೂಲಕ ಬೆಂಗಳೂರಿನ ನಲ್ಲಿಗೆ ಬರುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಅಷ್ಟು ದೂರದ ದಾರಿಯಲ್ಲಿ ಅದು ಕರಗಿ, ಆವಿಯಾಗಿ, ಜೀವಾಣುಗಳಿಗೆ ಆಹಾರವಾಗಿ ಲೆಕ್ಕಕ್ಕೆ ಸಿಗದಂತಾಗುತ್ತದೆ. ಕೆಡುವುದು ಹತ್ತಿರದ ಬಾವಿ. ಆದ್ದರಿಂದಲೇ ಅದಕ್ಕಾಗಿ ಯಾರೂ ಬೀದಿಗಿಳಿಯುವುದಿಲ್ಲ.

ಸರಿ, ಶುದ್ಧಗೊಳಿಸುವುದು ಹೇಗೆ? ಲೈನ್‌ಮನೆಗಳಿಗೆ ಮೇಲಿನ ಬುಗ್ಗೆಯೊಂದರಿಂದ ಪೈಪು ಎಳೆಸಿದ ಮೇಲೆ ನಾನು ಓದಲು ಕುಳಿತೆ. ವೃತ್ತಿಯಿಂದ ಎಂಜಿನಿಯರ್ ಆಗಿದ್ದರೂ ಈ ವಿಷಯ ನನಗೆ ಹೊಸದು. ಮೊದಲು ಆಶ್ಚರ್ಯ ಹುಟ್ಟಿಸಿದ್ದು, ನೆಲವನ್ನು ಶುದ್ಧಗೊಳಿಸುವ ಶಕ್ತಿ ನೆಲದಲ್ಲೇ ಇದೆ ಎಂಬುದು. ಡೀಸೆಲ್ ತಿಂದು ಬದುಕುವ ಜೀವಾಣುಗಳು ಸಾಮಾನ್ಯ ಮಣ್ಣಿನಲ್ಲೇ ಇರುತ್ತವೆ. ಅವಕ್ಕೆ ಬೇಕಾದದ್ದು ಉಸಿರು. ಒಂದು ಕಿಲೊ ಇಂಧನ ಜೀರ್ಣವಾಗಲು ಸುಮಾರು ಮೂರೂವರೆ ಕಿಲೊ ಆಮ್ಲಜನಕ ಬೇಕು. ಇಷ್ಟನ್ನು ನೀರಿನಲ್ಲಿ ಕರಗಿದ ಆಮ್ಲಜನಕದಿಂದಲೇ ಒದಗಿಸುವುದಾದರೆ, ಲೀಟರಿಗೆ 8 ಮಿಲಿಗ್ರಾಂ ಎಂದಿಟ್ಟುಕೊಂಡರೂ, ನಾಲ್ಕು ಲಕ್ಷ ಲೀಟರಿಗಿಂತ ಹೆಚ್ಚು ನೀರು ಹರಿಯಬೇಕು. ಅದೇ ಗಾಳಿಯಿಂದಾದರೆ ಲೆಕ್ಕದ ಪ್ರಕಾರ ಹನ್ನೆರಡು ಹದಿಮೂರು ಘನ ಮೀಟರ್, ಅಂದರೆ ಒಂದು ಸಣ್ಣ ಕೋಣೆಯ ಗಾಳಿ ಸಾಕು. ಎಲ್ಲ ಗಾಳಿಯೂ ಜೀವಾಣುವಿಗೆ ತಲುಪುವುದಿಲ್ಲವಾದ್ದರಿಂದ ಹತ್ತಾರು ಪಟ್ಟು ಹೆಚ್ಚು ಊದಬೇಕಾಗುತ್ತದೆ, ನಿಜ. ಆದರೂ ತೂತು ಕೊರೆದ ಪಿವಿಸಿ ಪೈಪುಗಳನ್ನು ಮಣ್ಣಿನಲ್ಲಿ ಇಳಿಸಿ, ಒಂದು ಅಶ್ವಶಕ್ತಿಗೂ ಕಡಿಮೆಯ ಬ್ಲೋವರ್‌ನಿಂದ ನಿಧಾನವಾಗಿ ಗಾಳಿ ಊದುವುದು ತೀರಾ ದೊಡ್ಡ ತಂತ್ರಜ್ಞಾನವಲ್ಲ. ನೀರಿನ ಮೇಲೆ ತೇಲುವ ಎಣ್ಣೆಯನ್ನು ಕೆನೆ ತೆಗೆದಂತೆ ತೆಗೆಯುವ ಪಂಪು ಬೇರೆ. ಕರಗಿದ ಅಂಶಕ್ಕಾಗಿ ನೀರನ್ನೇ ಎತ್ತಿ ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲಿನ ಮೂಲಕ ಹಾಯಿಸುವ ವ್ಯವಸ್ಥೆ ಬೇರೆ.

ತಂತ್ರ ಸರಳ, ಕಾಲ ಮಾತ್ರ ದೀರ್ಘ. ತಿಂಗಳುಗಳಲ್ಲ, ವರ್ಷಗಳು. ಅಷ್ಟು ವರ್ಷ ವಿದ್ಯುತ್ ಬೇಕು. ನಮ್ಮ ಪಂಪ್‌ಶೆಡ್ಡಿಗೆ ವಿದ್ಯುತ್ ತಂತಿ ಇಲ್ಲ. ಇದ್ದಿದ್ದರೆ ಡೀಸೆಲ್ ಟ್ಯಾಂಕೇ ಇರುತ್ತಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂತಿಯಿರುವ ಮನೆಗಳಲ್ಲೂ ಮರ ಬಿದ್ದು ದಿನಗಟ್ಟಲೆ ಕತ್ತಲೆ. ಡೀಸೆಲ್ ಸೋರಿದ್ದನ್ನು ಶುದ್ಧಗೊಳಿಸಲು ಡೀಸೆಲ್ ಜನರೇಟರ್ ಹಚ್ಚುವುದೆಂದರೆ ನಗೆಪಾಟಲು.

ಇದೇ ಪ್ರಶ್ನೆಯನ್ನು ಬೇರೆಯವರು ನಮಗಿಂತ ಮೊದಲೇ ಎದುರಿಸಿದ್ದರು. ಕೆರಿಬಿಯನ್ ಸಮುದ್ರದ ಸೇಂಟ್ ಕ್ರೊಯಿ ದ್ವೀಪದಲ್ಲಿ, ಹಳೆಯ ಅಲ್ಯೂಮಿನಾ ಕಾರ್ಖಾನೆಯೊಂದರ ನೆಲದಡಿ ತೈಲ ಸೇರಿಕೊಂಡಿತ್ತು. 2002ರಲ್ಲಿ ಅಲ್ಲಿ ಗಾಳಿಯಂತ್ರಗಳಿಂದಲೇ ಕಂಪ್ರೆಸರ್ ನಡೆಸಿ, ಆ ಒತ್ತಡದ ಗಾಳಿಯಿಂದ ಎಣ್ಣೆ ಕೆನೆಯುವ ಪಂಪುಗಳನ್ನು ಚಾಲೂ ಮಾಡಿದರು. ಮರುವರ್ಷ ಸೌರಫಲಕಗಳನ್ನು ಸೇರಿಸಿದರು. 2006ರ ಹೊತ್ತಿಗೆ ಎರಡು ಲಕ್ಷ ಗ್ಯಾಲನ್‌ಗೂ ಹೆಚ್ಚು ಎಣ್ಣೆ ಮೇಲೆ ಬಂದಿತ್ತು. ಅದು ಪಕ್ಕದ ರಿಫೈನರಿಗೆ ಕಚ್ಚಾವಸ್ತುವಾಯಿತು. ನ್ಯೂಜೆರ್ಸಿಯ ಪಾಲ್ಸ್‌ಬೊರೊದಲ್ಲಿ ಹಳೆಯ ತೈಲ ದಾಸ್ತಾನು ಪ್ರದೇಶದ ಅಂತರ್ಜಲ ಶುದ್ಧೀಕರಣಕ್ಕೆ 275 ಕಿಲೋವಾಟ್‌ನ ಸೌರಫಲಕಗಳನ್ನು ಹಾಕಿದರು. ಅದು ಗ್ರಿಡ್‌ಗೆ ಜೋಡಿಸಿದ ವ್ಯವಸ್ಥೆ, ನಮ್ಮಂಥವರಿಗೆ ಮಾದರಿಯಲ್ಲ. ಸೇಂಟ್ ಕ್ರೊಯಿಯದ್ದು ಮಾದರಿ: ಬ್ಯಾಟರಿಯ ಗೋಜಿಲ್ಲದೆ, ಗಾಳಿ ಬಂದಾಗ ಕೆಲಸ, ಇಲ್ಲದಾಗ ವಿಶ್ರಾಂತಿ.

ಹಾಗೆ ನಿಂತು ನಿಂತು ನಡೆದರೆ ಕೆಲಸ ಕೆಡುವುದಿಲ್ಲವೇ ಎಂದು ಓದುಗರು ಕೇಳಬಹುದು. ಆಸ್ಪತ್ರೆಯ ದೀಪಕ್ಕೆ ಕೆಡುತ್ತದೆ, ಮಣ್ಣಿಗೆ ಕೆಡುವುದಿಲ್ಲ. ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿದ ಎಣ್ಣೆ ತನ್ನ ನಿಧಾನದಲ್ಲೇ ಹೊರಬರುತ್ತದೆ. ಪಂಪು ಎಡೆಬಿಡದೆ ನಡೆದರೂ ಒಂದು ಹಂತದ ಮೇಲೆ ಬರೀ ನೀರನ್ನೇ ಎತ್ತುತ್ತದೆ. ಸ್ವಲ್ಪ ಬಿಟ್ಟು ಮತ್ತೆ ನಡೆಸಿದರೆ ಅಷ್ಟರಲ್ಲಿ ಊರಿದ ಎಣ್ಣೆ ಸಿಗುತ್ತದೆ. ಬಿಸಿಲು ಬಿದ್ದಾಗ ಮಾತ್ರ ಓಡುವ ಯಂತ್ರಕ್ಕೆ ಇಷ್ಟು ಒಪ್ಪುವ ಕೆಲಸ ಬೇರೆ ಹೆಚ್ಚೇನಿಲ್ಲ.

ಬಿಸಿಲು ಕೊಡಗಿನಲ್ಲಿ ವರ್ಷವಿಡೀ ಸಿಗುವುದಿಲ್ಲವಲ್ಲ! ಆದರೆ ಇಲ್ಲಿಯೇ ಈ ನೆಲದ ಅನುಕೂಲವೊಂದು ಅಡಗಿದೆ. ಬಿಸಿಲು ಮಾಯವಾಗುವ ಹೊತ್ತಿಗೆ ತೋಡು ತುಂಬಿ ಹರಿಯತೊಡಗುತ್ತದೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದು ಬಂದರೆ, ಅರ್ಧ ಶಕ್ತಿ ನಷ್ಟವಾದರೂ, ಸುಮಾರು ಒಂದು ಕಿಲೋವಾಟ್ ಸಿಗುತ್ತದೆ. ಅದೂ ಹಗಲಿರುಳು, ದಿನಕ್ಕೆ ಇಪ್ಪತ್ತನಾಲ್ಕು ಯೂನಿಟ್. ಒಂದು ಕಿಲೋವಾಟ್‌ನ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ಕೊಡುವುದು ದಿನಕ್ಕೆ ನಾಲ್ಕು ಯೂನಿಟ್ ಮಾತ್ರ. ಮಲೆನಾಡಿನಲ್ಲಿ ಮತ್ತು ಕೊಡಗಿನಲ್ಲಿ ಇಂಥ ಪುಟ್ಟ ಟರ್ಬೈನುಗಳು ಹೊಸತಲ್ಲ. ತಂತಿ ಬಾರದ ಒಂಟಿಮನೆಗಳಲ್ಲಿ ವರ್ಷಗಳ ಕಾಲ ದೀಪ ಉರಿಸಿದವು. ಸರ್ಕಾರದ ಸಹಾಯಧನವೂ ಇತ್ತು. ಆಮೇಲೆ ಗ್ರಿಡ್ ಬಂತು, ಎಷ್ಟೋ ಯಂತ್ರಗಳು ಹಿತ್ತಲಿನಲ್ಲಿ ತುಕ್ಕು ಹಿಡಿದವು. ನಾನು ಕೊಂಡದ್ದೂ ಅಂಥ ಒಂದು ಹಳೆಯ ಯಂತ್ರವನ್ನೇ.

ಋತುವಿಗೆ ತಕ್ಕಂತೆ ಕೆಲಸವೂ ಬದಲಾಗುತ್ತದೆ ಎಂಬುದು ನನಗೆ ಹೊಳೆದದ್ದು ಎರಡನೆಯ ವರ್ಷ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಎಣ್ಣೆ ಬಳಿದ ಮಣ್ಣೆಲ್ಲ ಮುಳುಗಿರುತ್ತದೆ. ಆಗ ಗಾಳಿ ಊದಿ ಫಲವಿಲ್ಲ, ಎಡೆಬಿಡದೆ ನೀರು ಎತ್ತಿ ಇದ್ದಿಲಿನಲ್ಲಿ ಸೋಸಬೇಕು. ಎಡೆಬಿಡದ ವಿದ್ಯುತ್ತನ್ನು ತೋಡು ಕೊಡುತ್ತದೆ. ಜನವರಿಯ ನಂತರ ತೋಡು ಬತ್ತುತ್ತದೆ, ನೀರಿನ ಮಟ್ಟ ಇಳಿದು ಆ ಮಣ್ಣು ಗಾಳಿಗೆ ತೆರೆದುಕೊಳ್ಳುತ್ತದೆ. ಆಗ ಹಗಲು ಹೊತ್ತು ಬ್ಲೋವರ್ ನಡೆಸಿದರೆ ಸಾಕು, ಅದಕ್ಕೆ ಬಿಸಿಲಿದೆ. ಇದನ್ನು ಯೋಜಿಸಿ ಮಾಡಿದೆ ಎಂದು ಹೇಳಿಕೊಳ್ಳಲಾರೆ. ಮೊದಲ ವರ್ಷ ಜುಲೈನಲ್ಲಿ ಬ್ಲೋವರ್ ಹಚ್ಚಿ ಪೈಪಿನಿಂದ ಕೆಸರು ನೀರು ಚಿಮ್ಮಿಸಿಕೊಂಡವನು ನಾನು.

ಅಡಚಣೆಗಳು ಇದ್ದವು. ಕಾಫಿ ನೆರಳಿನ ಬೆಳೆ. ಸೌರಫಲಕಕ್ಕೆ ನೆರಳೇ ಶತ್ರು. ಮರಗಸಿ ಮಾಡಿಸಿದರೂ ಶೆಡ್ಡಿನ ಬಳಿ ಬಿಸಿಲು ಸಾಲಲಿಲ್ಲ. ಕೊನೆಗೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಫಲಕ ನಿಲ್ಲಿಸಿ ಅಲ್ಲಿಂದ ತಂತಿ ಎಳೆಯಬೇಕಾಯಿತು. ಟರ್ಬೈನಿನ ಪೈಪಿನ ಬಾಯಿಗೆ ಎಲೆ ಕಟ್ಟಿಕೊಳ್ಳುತ್ತದೆ. ಮಳೆಯಲ್ಲಿ ದಿನಕ್ಕೆರಡು ಸಲ ಒಬ್ಬರು ಹೋಗಿ ತೆಗೆಯಬೇಕು. ಒಮ್ಮೆ ಆನೆಗಳು ಪೈಪನ್ನು ಮೂರು ಕಡೆ ತುಳಿದು ಹೋದವು. ಇನ್ನೂ ಕಠಿಣವಾದ ಪ್ರಶ್ನೆ ಎಣ್ಣೆ ಹೀರಿದ ಇದ್ದಿಲಿನದು. ಅದು ಅಪಾಯಕಾರಿ ತ್ಯಾಜ್ಯ, ತೋಟದ ಮೂಲೆಯಲ್ಲಿ ಹೂಳುವಂತಿಲ್ಲ; ಹೂತರೆ ಅಪ್ಪ ಮಾಡಿದ್ದನ್ನೇ ಮತ್ತೆ ಮಾಡಿದಂತೆ. ಪರವಾನಗಿ ಇರುವವರಿಗೆ ಒಪ್ಪಿಸಬೇಕು. ಚೀಲಗಟ್ಟಲೆಯಲ್ಲಿ ಕೊಡುವ ನನ್ನಂಥವನಿಗೆ ಹಾಗೆ ಒಯ್ಯುವವರನ್ನು ಹುಡುಕುವುದೇ ಒಂದು ಕೆಲಸವಾಯಿತು.

ಟ್ಯಾಂಕಿನ ಸುತ್ತ ಅಗೆದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ, ಸೂರಿನಡಿ ಹರಡಿ, ಕಾಫಿ ಸಿಪ್ಪೆಯ ಗೊಬ್ಬರ ಮತ್ತು ಸ್ವಲ್ಪ ಯೂರಿಯಾ ಬೆರೆಸಿ ತಿಂಗಳಿಗೊಮ್ಮೆ ಮಗುಚಿದೆವು. ಅದರ ಮೇಲೆ ಈಗ ಹುಲ್ಲು ಬೆಳೆದಿದೆ. ಇಡೀ ಪ್ರಯತ್ನದಲ್ಲಿ ತೊಂದರೆ ಕೊಡದ ಭಾಗ ಅದೊಂದೇ.

ಇದನ್ನೆಲ್ಲ ಒಬ್ಬ ತೋಟಗಾರ ತನ್ನ ಕೈಯಿಂದ ಮಾಡಿಕೊಂಡರೆ ಆಯಿತೇ? ಎಲ್ಲರ ಬಳಿ ತೋಡೂ ಇರುವುದಿಲ್ಲ, ಹಣವೂ ಇರುವುದಿಲ್ಲ. ಮಡಿಕೇರಿ, ಕುಶಾಲನಗರದಂಥ ಪಟ್ಟಣದ ನಡುವಿನ ಬಂಕಿಗೆ ಗ್ರಿಡ್ ಪಕ್ಕದಲ್ಲೇ ಇದೆ. ಅಲ್ಲಿ ತೋಡಿನ ವಿದ್ಯುತ್ತಿನ ಮಾತಾಡುವುದು ಹುಚ್ಚುತನ. ಅಲ್ಲಿ ಬೇಕಾದದ್ದು ನಿಗಾ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕುಗಳಿಗೆ ಮಾರ್ಗಸೂಚಿ ಹೊರಡಿಸಿತು: ಶಾಲೆ, ಆಸ್ಪತ್ರೆ, ವಸತಿ ಪ್ರದೇಶಗಳಿಂದ 50 ಮೀಟರ್ ಅಂತರ, ಅಂತರ್ಜಲ ನಾಲ್ಕು ಮೀಟರಿಗಿಂತ ಮೇಲಿರುವ ಕಡೆ ಜೋಡಿ ಗೋಡೆಯ ಟ್ಯಾಂಕಿನಂಥ ಎರಡನೆಯ ತಡೆ, ಇತ್ಯಾದಿ. ಒಳ್ಳೆಯ ನಿಯಮ. ಆದರೆ ಕೊಡಗಿನಲ್ಲಿ ಅಂತರ್ಜಲ ಎಷ್ಟು ಆಳದಲ್ಲಿದೆ ಎಂಬ ಪ್ರಶ್ನೆಗೆ ಮಾರ್ಚ್‌ನಲ್ಲಿ ಒಂದು ಉತ್ತರ, ಆಗಸ್ಟ್‌ನಲ್ಲಿ ಇನ್ನೊಂದು ಉತ್ತರ. ಅಳೆಯಬೇಕಾದದ್ದು ಆಗಸ್ಟ್‌ನಲ್ಲಿ. ನಿಯಮ ಹೊಸ ಬಂಕುಗಳದ್ದಾದರೆ, ಹಳೆಯ ಬಂಕುಗಳ ಸುತ್ತ ಕನಿಷ್ಠ ಇಳಿಜಾರಿನ ಬದಿಗಾದರೂ ಒಂದು ತಪಾಸಣಾ ಬಾವಿ ಕೊರೆಸಿ, ವರ್ಷಕ್ಕೆರಡು ಸಲ ನೀರು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿಯ ಫಲಕದಲ್ಲಿ ಹಾಕುವುದು ಆಗದ ಮಾತೇನಲ್ಲ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ನಿವೇಶನಗಳ ನಿರ್ವಹಣೆಗೆಂದೇ ನಿಯಮಗಳನ್ನು ಪ್ರಕಟಿಸಿದೆ. ಶಂಕಿತ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ತಪಾಸಣೆ ಮಾಡಬೇಕು, ಮಲಿನ ಮಾಡಿದವರು ವೆಚ್ಚ ಭರಿಸಬೇಕು. ಮಲಿನ ಮಾಡಿದವನೇ ತೆರಬೇಕು ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ ಬಿಚ್ಛ್ರಿ ಪ್ರಕರಣದಲ್ಲಿ 1996ರಷ್ಟು ಹಿಂದೆಯೇ ಎತ್ತಿಹಿಡಿದಿತ್ತು. ಅದಕ್ಕೆ ಕಾಲಮಿತಿಯ ಚೌಕಟ್ಟು ಸಿಕ್ಕಿದ್ದು ಈಗ. ಕೊಡಗು ಜಿಲ್ಲಾಡಳಿತ ತನ್ನ ಪಟ್ಟಿಯಲ್ಲಿ ಕಾರ್ಖಾನೆಗಳನ್ನಷ್ಟೇ ಹುಡುಕಿದರೆ ಅದು ಬಹುಮಟ್ಟಿಗೆ ಖಾಲಿ ಹಾಳೆಯಾದೀತು. ತೋಟಗಳ ಹಳೆಯ ಟ್ಯಾಂಕುಗಳನ್ನು ಅದರಲ್ಲಿ ಸೇರಿಸಬೇಕು. ದಂಡದ ಭಯವಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ತಾವಾಗಿ ಹೇಳಿ ಟ್ಯಾಂಕು ಅಗೆಸುವವರಿಗೆ ಒಂದೆರಡು ವರ್ಷದ ವಿನಾಯಿತಿ ಕೊಡುವುದು ಜಾಣತನ. ಪರಿಸರವಾದಿ ಮಿತ್ರರು ಇದನ್ನು ಒಪ್ಪಲಾರರು ಎಂದು ಬಲ್ಲೆ. ಆದರೆ ಹೂತಿಟ್ಟದ್ದನ್ನು ಹೊರಗೆ ತರಿಸುವುದು ಮೊದಲ ಕೆಲಸ.

ಬ್ಲೋವರು, ಪಂಪು, ಇದ್ದಿಲಿನ ಡ್ರಮ್ಮು, ನಾಲ್ಕಾರು ಫಲಕ, ಒಂದು ಪುಟ್ಟ ಟರ್ಬೈನು: ಎಲ್ಲವೂ ಒಂದು ಪಿಕಪ್ ವಾಹನದಲ್ಲಿ ಹಿಡಿಸುತ್ತವೆ. ಜಿಲ್ಲೆಗೆ ಇಂಥ ಎರಡು ಮೂರು ಕಟ್ಟುಗಳಿದ್ದರೆ ಒಂದು ಜಾಗ ಮುಗಿದ ಮೇಲೆ ಇನ್ನೊಂದು ಜಾಗಕ್ಕೆ ಒಯ್ಯಬಹುದು. ಇದ್ದಿಲನ್ನು ಒಟ್ಟಾಗಿ ಸಂಗ್ರಹಿಸಿ ಕಳಿಸುವ ಹೊಣೆಯೂ ಒಬ್ಬರದಾಗುತ್ತದೆ. ತೋಟಗಾರನಿಗೆ ಬಾಡಿಗೆ, ಸಣ್ಣ ಹಿಡುವಳಿದಾರನಿಗೆ ಉಚಿತ. ಮೈಸೂರು–ಕೋಯಿಕ್ಕೋಡ್ ನಡುವಿನ 400 ಕೆ.ವಿ. ಮಾರ್ಗಕ್ಕಾಗಿ ಹತ್ತು ವರ್ಷಗಳ ಹಿಂದೆ ಈ ಜಿಲ್ಲೆ ಎಷ್ಟು ಮರ ಕಳೆದುಕೊಂಡಿತು ಎಂಬುದನ್ನು ಕಂಡವರಿಗೆ, ತಂತಿಯಿಲ್ಲದೆ ಇಲ್ಲೇ ಹುಟ್ಟಿ ಇಲ್ಲೇ ಖರ್ಚಾಗುವ ಒಂದು ಕಿಲೋವಾಟಿನ ಬೆಲೆ ಬೇರೆಯೇ ಆಗಿ ಕಾಣುತ್ತದೆ.

ನಮ್ಮ ಬಾವಿಯಲ್ಲಿ ಈಗ ಪೊರೆ ಇಲ್ಲ, ವಾಸನೆಯೂ ನನ್ನ ಮೂಗಿಗೆ ತಿಳಿಯುವುದಿಲ್ಲ. ಕಳೆದ ಬೇಸಿಗೆಯ ಪ್ರಯೋಗಾಲಯದ ವರದಿಯಲ್ಲಿ ಮಾತ್ರ ಎಣ್ಣೆಯ ಅಂಶ ಇನ್ನೂ ಇದೆ, ಮೊದಲಿಗಿಂತ ಬಹಳ ಕಡಿಮೆ. ತೋಟಕ್ಕೆ ಆ ನೀರು ಬಿಡುತ್ತೇವೆ, ಕುಡಿಯುವುದಿಲ್ಲ. ಲೈನ್‌ಮನೆಯ ಅಜ್ಜಿ ಒಮ್ಮೆ ಕಟ್ಟೆಯ ಬಳಿ ಬಂದು, ಬಿಂದಿಗೆಯಲ್ಲಿ ಸೇದಿ, ಮೂಸಿ ನೋಡಿದರು. 'ಇನ್ನೂ ಇದೆ' ಎಂದು ನೀರನ್ನು ಚೆಲ್ಲಿ ಹೋದರು. ಈ ಜುಲೈನಲ್ಲಿ ಟರ್ಬೈನಿಗೆ ಹೊಸ ಬೇರಿಂಗ್ ಹಾಕಿಸಬೇಕಾಗಿದೆ.